ಪ್ಯಾಸ್ಕಲ್‌ನ ವಿಚಾರಣೆ

ಧಾರವಾಡದ ಸಭಾಭವನದಲ್ಲಿ ನೀಲಗಂಗಾ ಗಂಡನ ಪಕ್ಕ ಕೂತಿದ್ದಳು. ಪ್ಯಾಸ್ಕಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಸಂಪ್ರದಾಯದ ಭಾಷೆಯೋ, ಸಂಪ್ರದಾಯ ಮುರಿದ ಭಾಷೆಯೋ ಎಂಬುದು ಅಂದಿನ ಚರ್ಚೆ. ಸಂಪ್ರದಾಯವೆಂದು ಕಂಪ್ಯೂಟರ್ ಭಾಷೆಗಳ ಮಂಡಳಿ ಘೋಷಿಸಿದರೆ, ಆ ಭಾಷೆಯಲ್ಲಿ ಬರೆದ ಯಾವ ಪ್ರೋಗ್ರಾಮನ್ನೂ, ಹಳೆಯ ಶಿಲಾಶಾಸನದಂತೆ, ಯಾರೂ ತಿದ್ದುವಂತಿರಲಿಲ್ಲ. ಕೋಬಾಲ್ ಎಂಬ ಇನ್ನೊಂದು ಹಳೆಯ ಭಾಷೆಗೆ ಆ ಗೌರವ ಆಗಲೇ ಸಿಕ್ಕಿತ್ತು.

ಗಂಡ ಇಂದುಧರ ಮಾಸ್ತರರ ಕೃತಕ ಹೃದಯ ನಡೆಯುತ್ತಿದ್ದದ್ದು ಪ್ಯಾಸ್ಕಲ್‌ನಲ್ಲೇ. ಈಚೆಗೆ ಅದು ಬಡಿತ ತಪ್ಪುತ್ತಿತ್ತು. ನಾಳೆ ಆಸ್ಪತ್ರೆಯಲ್ಲಿ ಪ್ರೋಗ್ರಾಮ್ ತಿದ್ದಿಸುವುದೆಂದು ನಿಗದಿಯಾಗಿತ್ತು.

ಭಾಷೆಯನ್ನು ಕಲಿಸಿದ ಹಿರಿಯರದೇ ಕೊನೆಯ ಮಾತು ಎಂಬುದು ಮಂಡಳಿಯ ಪದ್ಧತಿ. ಹಾಗಾಗಿ ಪ್ಯಾಸ್ಕಲ್ ಕಲಿಸಿದ್ದ ಮಾಸ್ತರರ ಸರದಿ ಬಂತು.

"ಸಂಪ್ರದಾಯ ಅಲ್ಲ ಅಂತ ಒಂದು ಮಾತು ಹೇಳಿ ಕೂತುಬಿಡ್ರಿ," ಎಂದಳು ನೀಲಗಂಗಾ.

ಅವರು ಆಗಲಿ ಎಂದು ತಲೆಯಾಡಿಸಿ ಎದ್ದರು. ಅಷ್ಟರಲ್ಲಿ ಕೋಬಾಲ್ ಕಡೆಯವನೊಬ್ಬ ನಕ್ಕ. "ಮಾಸ್ತರ್, ಹುಡುಗರಿಗೆ ಪಾಟಿ ಮ್ಯಾಲೆ ತಿದ್ದಿಸೋ ಭಾಷಾ ಅದು. ಅದಕ್ಕೆಲ್ಲಿ ಸಂಪ್ರದಾಯರೀ?"

ಮಾಸ್ತರರ ಮುಖ ಕೆಂಪಾಯಿತು.

"ಹುಡುಗರಿಗೆ ಶಿಸ್ತು ಕಲಿಸಿದ್ದು ಯಾವುದಪಾ? ನಿಮ್ಮ ಕೋಬಾಲೇನು? ಇದು ಸಂಪ್ರದಾಯ. ಬರಕೊಳ್ರಿ!"

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಅವರ ಮಾತನ್ನೇ ತೀರ್ಪೆಂದು ಓದಿ, ಶಾಲು ಹೊದಿಸಿದರು.

ಮಾಸ್ತರರು ಬಂದು ಕೂತರು. "ಹೆಂಗ ಹೇಳಿದೆ?"

"ಛಲೋ ಹೇಳಿದ್ರಿ," ಎಂದಳು ನೀಲಗಂಗಾ, ಫೋನಿನಿಂದ ಕಣ್ಣೆತ್ತದೆ. ಅವಳು ಆಸ್ಪತ್ರೆಯವರಿಗೆ, ನಾಳೆ ಬರುವುದಿಲ್ಲ ಎಂದು ಬರೆಯುತ್ತಿದ್ದಳು.