ಬಡಗಿಯ ಬಲಗೈ

ಬಡಗಿಯ ಬಲಗೈ ಎದ್ದಿತು. ಪ್ರಾರ್ಥನಾಲಯದ ಮುಂದಿನ ಸಾಲಿನಲ್ಲಿ, ಗಾಲಿಕುರ್ಚಿಯ ಮೇಲೆ, ಎಲ್ಲರ ಕಣ್ಣೆದುರಿಗೇ ಗೇಣುದ್ದ ಮೇಲಕ್ಕೆದ್ದು, ನಡುಗಿ, ಮತ್ತೆ ತೊಡೆಯ ಮೇಲೆ ಬಿತ್ತು. ಪಾರ್ಶ್ವವಾಯು ಹೊಡೆದು ಏಳು ತಿಂಗಳಿಂದ ಸೌದೆಯ ಹಾಗೆ ಬಿದ್ದಿದ್ದ ಕೈ! ಸಭೆಗೆ ಸಭೆಯೇ ಬೆಚ್ಚಿಬಿತ್ತು. ಯಾರೋ ಒಬ್ಬಾಕೆ ಕಿಟಾರನೆ ಕಿರುಚಿಕೊಂಡಳು. ಅವರೆಲ್ಲ ಕೂತಿದ್ದ ಬೆಂಚುಗಳನ್ನು ಮಾಡಿದ್ದೂ ಅದೇ ಕೈ.

ಪಾಸ್ಟರಿಗಂತೂ ಕಣ್ಣಲ್ಲಿ ನೀರು. ಆ ಕ್ಷಣದವರೆಗೂ ಅವರು ಹೇಳುತ್ತಿದ್ದದ್ದು ಪ್ರತಿ ಭಾನುವಾರದ ಹಳೇ ಮಾತು: "ಕಷ್ಟಾನ ಹೊಟ್ಟೆಯೊಳಗೇ ಇಟ್ಕೊಂಡು ಕೊರಗಬೇಡಿ. ನಮ್ಮ ನರ್ಸಮ್ಮ ಇದಕ್ಕೇಂತ ಒಂದು ವರ್ಷ ತರಬೇತಿ ತಗೊಂಡಿದ್ದಾರೆ. ಪಕ್ಕದ ಕೋಣೇಲಿ ಕೂತಿರ್ತಾರೆ. ಹೋಗಿ ಹೇಳ್ಕೊಳ್ಳಿ, ನಿಮ್ಮ ಜೊತೆ ಪ್ರಾರ್ಥನೆ ಮಾಡ್ತಾರೆ." ಜನ ತಲೆಯಾಡಿಸುತ್ತಿದ್ದರು, ಯಾರೂ ಹೋಗುತ್ತಿರಲಿಲ್ಲ. ಮನೆಯ ಗುಟ್ಟು ಬೀದಿಗೆ ಬಿದ್ದರೆ ಎಂಬ ಅಂಜಿಕೆ, ಇನ್ನೇನು! ಆ ಕೋಣೆಯ ಎರಡನೇ ಕುರ್ಚಿ ಧೂಳು ತಿನ್ನುತ್ತಿತ್ತು. ಈಗ ಪಾಸ್ಟರ್ ಬಡಗಿಯ ಕಡೆ ಬೊಟ್ಟುಮಾಡಿ ಕೂಗಿಯೇಬಿಟ್ಟರು: "ನೋಡಿದ್ರಾ? ಪ್ರತಿ ಬುಧವಾರ ನರ್ಸಮ್ಮ ಇವನ ಮನೆಗೆ ಹೋಗಿ, ಇದೇ ಕೈ ಹಿಡಿದು ಪ್ರಾರ್ಥನೆ ಮಾಡಿದ್ದಾರೆ. ಇನ್ನೂ ಅನುಮಾನವಾ? ಏಳಿ, ಹೋಗಿ!"

ಎದ್ದವಳು ಒಬ್ಬಳೇ, ಬಡಗಿಯ ಹೆಂಡತಿ. ಚಪ್ಪಾಳೆಯ ನಡುವೆ ತಲೆ ತಗ್ಗಿಸಿಕೊಂಡು ಪಕ್ಕದ ಕೋಣೆಗೆ ನಡೆದಳು. ಪಾಪ, ಸಂತೋಷ ತಡೆಯಲಾಗದೆ ಅಳುತ್ತಿದ್ದಾಳೆ ಎಂದುಕೊಂಡರು ಜನ.

ನರ್ಸಮ್ಮ ಹಿಂದೆಯೇ ಓಡಿಬಂದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಎಲ್ಲವನ್ನೂ ಕಂಡ ಹೆಂಗಸು. ಆದರೂ ತಮ್ಮ ಪ್ರಾರ್ಥನೆ ಫಲಿಸಿತೆಂದು ಅವರಿಗೇ ನಂಬಿಕೆ ಬರುತ್ತಿರಲಿಲ್ಲ. ಮೇಲಾಗಿ ಆ ಕುರ್ಚಿಯ ಮೇಲೆ ಮೊದಲ ಸಲ ಒಬ್ಬರು ಬಂದು ಕೂತಿದ್ದಾರೆ! ತರಬೇತಿಯಲ್ಲಿ ಕಲಿಸಿದ ನಿಯಮ ನೆನಪು ಮಾಡಿಕೊಂಡರು: ಬಂದವರು ಕೇಳಿದ್ದನ್ನು ಅವರ ಮಾತಿನಲ್ಲೇ ದೇವರಿಗೆ ಹೇಳಬೇಕು, ಒಂದಕ್ಷರ ಸೇರಿಸಬಾರದು, ಒಂದಕ್ಷರ ತೆಗೆಯಬಾರದು.

"ದೇವರಿಗೆ ಸ್ತೋತ್ರ ಹೇಳೋಣವೇನಮ್ಮ?"

"ಇಲ್ಲ. ಒಂದು ಬೇಡಿಕೆ ಇದೆ."

"ಅದಕ್ಕೇನಂತೆ, ಬಾಯಿಬಿಟ್ಟು ಕೇಳು."

"ಅವರಿಗೆ ಮಾತು ಬರಲಿ. ಕಾಲು ಬರಲಿ. ನಾನು ಬೇಡ ಅನ್ನಲ್ಲ." ಅವಳು ಕರವಸ್ತ್ರವನ್ನು ಹಿಂಡುತ್ತಿದ್ದಳು. "ಆ ಬಲಗೈ ಒಂದನ್ನ ಮಾತ್ರ ಇದ್ದ ಹಾಗೇ ಬಿಟ್ಟುಬಿಡು ಅಂತ ಕೇಳ್ಕೊಳ್ಳಿ."

ನರ್ಸಮ್ಮ ಹಾವು ತುಳಿದವರ ಹಾಗೆ ಹಿಂದೆ ಸರಿದರು. "ಏನಮ್ಮಾ ಇದು, ತಲೆಗಿಲೆ ಕೆಟ್ಟಿದೆಯಾ? ಮನೆ ಸಾಕಿದ ಕೈ ಅದು!"

"ಈ ಏಳು ತಿಂಗಳು ನಾನು ಕಣ್ತುಂಬ ನಿದ್ದೆ ಮಾಡಿದ್ದೀನಿ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಹೋದ ವರ್ಷ ನನ್ನ ಭುಜದ ಮೂಳೆ ಮುರಿದಾಗ ಕಟ್ಟು ಹಾಕಿದ್ದು ನೀವೇ ಅಲ್ವಾ?"

"ಮೆಟ್ಟಿಲಿಂದ ಬಿದ್ದೆ ಅಂದಿದ್ದೆಯಲ್ಲೇ..." ನರ್ಸಮ್ಮನ ಮಾತು ಅಲ್ಲೇ ನಿಂತಿತು. ಏಳು ತಿಂಗಳಿಂದ ಬುಧವಾರ ಬುಧವಾರ ತಾವು ಹೋಗಿಬರುತ್ತಿದ್ದ ಆ ಮನೆಗೆ ಮೆಟ್ಟಿಲೇ ಇಲ್ಲ.

"ಆದರೂ ಹಾಗೆಲ್ಲ ಬೇಡಬಾರದಮ್ಮ, ಪಾಪ ಬರುತ್ತೆ" ಎಂದರು. ಆಡಿದ ಮಾತಿಗೆ ಅವರಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಪಾಸ್ಟರ್ ಬಾಯ್ತುಂಬ ನಗುತ್ತಾ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದರು. "ಊರೆಲ್ಲ ದೂರದಿಂದ ನೋಡಿತು, ಮನೆಯಾಕೆ ಹತ್ತಿರದಿಂದ ನೋಡದೆ ಇದ್ದರೆ ಹೇಗೆ? ಎಲ್ಲಿ, ಎತ್ತಪ್ಪ ಇನ್ನೊಂದು ಸಲ!"

ಬಡಗಿಯ ಕೈ ಮೆಲ್ಲಗೆ ಎದ್ದಿತು. ಅದೇ ಗಳಿಗೆಗೆ ಹೆಂಡತಿಯ ಮೊಣಕೈ ಸರ್ರನೆ ಮೇಲೆ ಹೋಗಿ ಮುಖಕ್ಕೆ ಅಡ್ಡ ನಿಂತಿತು. ಅವಳು ಹಿಂದಕ್ಕೆ ಸರಿದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು. ಎಲ್ಲ ಅವಳಿಗೇ ಗೊತ್ತಿಲ್ಲದೆ ಆಗಿಹೋಗಿತ್ತು. ಪಾಸ್ಟರ ನಗು ಅರ್ಧಕ್ಕೇ ನಿಂತಿತು. ಗಾಲಿಕುರ್ಚಿಯ ಹಿಡಿಯನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಹೋದರು.

ನರ್ಸಮ್ಮ ಎದ್ದು ಬಂದು, ಗಾಲಿಕುರ್ಚಿಗೂ ಅವಳಿಗೂ ನಡುವೆ ಮಂಡಿಯೂರಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಪಾಸ್ಟರಿಗೂ ಬಡಗಿಗೂ ಚೆನ್ನಾಗಿ ಕೇಳುವಂತೆ ದನಿ ಎತ್ತಿ ಹೇಳಿದರು:

"ಕರ್ತನೇ, ಅವರಿಗೆ ಮಾತು ಬರಲಿ. ಕಾಲು ಬರಲಿ. ಆ ಬಲಗೈ ಒಂದನ್ನ ಮಾತ್ರ ಇದ್ದ ಹಾಗೇ ಬಿಟ್ಟುಬಿಡು."