ಕಿವಿ ಮುಚ್ಚಿಕೊಂಡ ಕೈಪಟ್ಟಿ

ಸೋಮವಾರ ಬೆಳಗಿನ ರೊಟ್ಟಿ ಮುಗಿಸಿ ಕೈ ತೊಳೆಯಲು ಹೋದ ರಾಧಾಬಾಯಿ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಬಿದ್ದರೆ ಮಗನ ಫೋನಿಗೆ ತಾನಾಗಿ ಸುದ್ದಿ ಮುಟ್ಟಿಸಬೇಕಾದ ಕೈಪಟ್ಟಿ ಮಣಿಕಟ್ಟಿನಲ್ಲೇ ಇತ್ತು, ಚಾರ್ಜೂ ಇತ್ತು, ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಮಗ ಕೇದಾರ ಧನಕವಡಿಯ ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದ. ಅದು ಮುಗಿದು ಹೊರಗೆ ಬಂದಾಗಲೇ ತಾಯಿಯನ್ನು ಕಂಡದ್ದು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಸೊಂಟ ಊದಿತ್ತು.

ತಮಾಷೆಯೆಂದರೆ, ಆ ಕೈಪಟ್ಟಿ ಮಾಡುವುದು ಕೇದಾರನ ಕಂಪನಿಯೇ. ಊರೂರು ತಿರುಗಿ ಅದನ್ನು ಮಾರುವವನು ಇವನೇ. ಸಿಟ್ಟು ನೆತ್ತಿಗೇರಿ, ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುವ ಇಂಪನಾಳನ್ನು ಶನಿವಾರ ಊರಿನ ಆಚೆ ತುದಿಯ ಖರಾಡಿಯಿಂದ ಮನೆಗೇ ಕರೆಸಿದ. ಪಟ್ಟಿ ಸರಿಹೋಗದಿದ್ದರೆ ಅವ್ವನ ರೊಟ್ಟಿ ಕೆಲಸ ಇವತ್ತಿಗೇ ಬಂದ್ ಎಂದೂ ಸಾರಿದ್ದ. ಸುತ್ತಲಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವರು ರಾಧಾಬಾಯಿ. ತಲೆ ಸುತ್ತುವ ಹೆಂಗಸು ಬೆಂಕಿಯ ಮುಂದೆ ಒಬ್ಬಳೇ ಇರುವುದೆಂದರೇನು ಎಂಬುದು ಮಗನ ವಾದ.

"ರೊಟ್ಟಿ ಬಿಟ್ಟು ದಿನಾ ಟಿವಿ ಮುಂದ ಕುಂದರ್ಲೇನು?" ಎಂದು ರಾಧಾಬಾಯಿ ಇಂಪನಾಳನ್ನೇ ಕೇಳಿದರು. "ಮೈಯಾಗ ಕಸುವು ಇರೂತನಕ ಬಡೀತೀನಿ ನೋಡವಾ. ಆ ಪಟ್ಟಿ ರಿಪೇರಿ ಮಾಡಿ ನನ್ನ ಕೆಲಸ ಉಳಸು."

ಇಂಪನಾ ಮಂಡ್ಯದ ಹುಡುಗಿ. ಇಷ್ಟು ಹತ್ತಿರದಿಂದ ರೊಟ್ಟಿ ಬಡಿಯುವುದನ್ನು ಕಂಡವಳಲ್ಲ. ಮೊದಲು ನೀವು ದಿನಾ ಮಾಡೋ ಹಾಗೆ ಮಾಡಿ ಆಂಟಿ ಎಂದು, ಲ್ಯಾಪ್‌ಟಾಪ್ ತೆರೆದು ಅಡುಗೆಮನೆಯ ನೆಲದ ಮೇಲೆ ಕೂತಳು. ರಾಧಾಬಾಯಿ ಪಟ್ಟಿ ತೊಟ್ಟ ಕೈಯಲ್ಲೇ ಪಟಪಟ ಬಡಿಯತೊಡಗಿದರು. ಲ್ಯಾಪ್‌ಟಾಪಿನಲ್ಲಿ ಪಟ್ಟಿ ಕಳಿಸುವ ವರದಿಯ ಸಾಲುಗಳು ಒಂದರ ಮೇಲೊಂದು ಏರಿದವು. ಕೆಲವು ರೊಟ್ಟಿ ಬೇಯುವಷ್ಟರಲ್ಲಿ ಸಾಲುಗಳು ಗಪ್ಪನೆ ನಿಂತವು. ಕೈ ಮಾತ್ರ ಬಡಿಯುತ್ತಲೇ ಇತ್ತು. ಸಿಕ್ಕಿತು ಎಂದಳು ಇಂಪನಾ.

ಕೈಗೆ ಏಟು ಬಿದ್ದಾಗಲೆಲ್ಲ ಪಟ್ಟಿಯೊಳಗಿನ ಸೆನ್ಸರ್ ಸಿಸ್ಟಮ್ಮನ್ನು ಕೂಗಿ ಕರೆಯುತ್ತದೆ. ಆ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಸಿಸ್ಟಮ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ನೋಡಿದರೆ ಯಾರೂ ಬಿದ್ದಿಲ್ಲ. ಮತ್ತೆ ಕೂಗು, ಮತ್ತೆ ಏನಿಲ್ಲ. ಹೀಗೇ ಆದರೆ ಅದರ ಉಳಿದ ಕೆಲಸ ಕೆಡುತ್ತದಲ್ಲ, ಅದಕ್ಕೇ ಈ ಸೆನ್ಸರಿನ ತಂತಿಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಕಿವಿ ಮುಚ್ಚಿಕೊಳ್ಳುತ್ತದೆ. ಬಡಿಯುವುದು ನಿಂತ ಮೇಲೂ ತೆರೆಯುವುದಿಲ್ಲ. ಕಂಪನಿಯವರು ಗೊಂಬೆ ಬೀಳಿಸಿ ಪರೀಕ್ಷೆ ಮಾಡಿದ್ದರೇ ಹೊರತು ರೊಟ್ಟಿ ಬಡಿದು ನೋಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ, ಹುಟ್ಟಿದಾಗಿನಿಂದ ಆ ಸಪ್ಪಳ ಕೇಳಿಯೇ ಬೆಳೆದ ಕೇದಾರನಿಗೂ.

ಹಾಗಾದರೆ ಕಿವಿ ಮುಚ್ಚಿಕೊಳ್ಳುವುದನ್ನೇ ತೆಗೆದುಹಾಕಿ ಎಂದ ಅವನು. ಹಾಗೆ ಮಾಡಿದರೆ ದಿನಾ ರೊಟ್ಟಿ ಹೊತ್ತಿಗೆ ಹ್ಯಾಂಗ್ ಆಗುತ್ತೆ ಎಂದಳು ಇವಳು.

"ಮುಚ್ಕೊಳ್ಲಿ ಬಿಡಿ ಕೇದಾರ್, ಅದು ತಪ್ಪಲ್ಲ. ಆದ್ರೆ ಮುಚ್ಕೊಂಡ್ಮೇಲೆ ಆಗಾಗ ತಾನೇ ಎದ್ದು ಹೋಗಿ, ಏನಾದ್ರೂ ಆಗಿದ್ಯಾ ಅಂತ ನೋಡ್ಕೊಂಡು ಬರ್ಬೇಕು. ಆ ಭಾಗ ನಾವು ಬರೆದೇ ಇರ್ಲಿಲ್ಲ."

ಮಧ್ಯಾಹ್ನದೊಳಗೆ ಅದನ್ನು ಬರೆದು ಪಟ್ಟಿಗೆ ತುಂಬಿದಳು. ರಾಧಾಬಾಯಿ ಇನ್ನೊಂದು ಸುತ್ತು ಬಡಿದರು. ಪಟ್ಟಿ ಮತ್ತೆ ಕಿವಿ ಮುಚ್ಚಿಕೊಂಡಿತು. ಕೇದಾರ ಅದನ್ನು ಬಿಚ್ಚಿ ಹಿಟ್ಟಿನ ಚೀಲಕ್ಕೆ ಕಟ್ಟಿ, ಎದೆಯೆತ್ತರಕ್ಕೆ ಎತ್ತಿ ಕೈಬಿಟ್ಟ. ಚೀಲ ಧೊಪ್ಪೆಂದು ಬಿತ್ತು. ಮೂವರೂ ಕಾದರು. ಆಮೇಲೆ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು.

ಕೇದಾರ ಚಿಕ್ಕ ಹುಡುಗನ ಹಾಗೆ ನಕ್ಕುಬಿಟ್ಟ. ರೊಟ್ಟಿ ನಿಲ್ಲಿಸುವ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಂಡ. ರಾಧಾಬಾಯಿಗೂ ಜೀವ ಬಂದಂತಾಯಿತು. ಇಂಪನಾಳನ್ನು ಕೂಡಿಸಿ, ಬೇಡಬೇಡವೆಂದರೂ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಬಡಿಸಿದರು. ಬಡಿಸುತ್ತಿದ್ದವರು ಯಾಕೋ ನಿಂತು, ನೆಲದ ಮೇಲಿನ ಚೀಲವನ್ನು ನೋಡಿದರು.

"ಕೇದಾರ, ನಾ ಬಿದ್ದಾಗ ಇದಕ್ಕಿಂತ ದೊಡ್ಡ ಸಪ್ಪಳ ಆಗಿತ್ತಲ್ಲೋ. ಬಾಗಲಾ ಹಾಕಿದ್ರ ಅಷ್ಟೂ ಕೇಳೂದಿಲ್ಲೇನು?"

"ಕೇಳಿತ್ತವ್ವಾ," ಎಂದ ಕೇದಾರ. "ಫೋನ್ ನೋಡಿದೆ. ಏನೂ ಬಂದಿರ್ಲಿಲ್ಲ."