ಲಟ್ಟಣಿಗೆಯ ಪ್ರಭಾವ

ಸ್ಮರಣ ಸಂಚಿಕೆಯ ನಲವತ್ತೆರಡನೇ ಪುಟಕ್ಕೆ ಬಂದಾಗ ಅಕ್ಕನ ಕೆಂಪು ಪೆನ್ನು ನಿಂತೇಬಿಟ್ಟಿತು. ಅಲ್ಲಿ ಕಾಗುಣಿತದ ತಪ್ಪೇನೂ ಇರಲಿಲ್ಲ. ಇದ್ದದ್ದು ಶುದ್ಧ ಸುಳ್ಳು.

ಆ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದ ಆಕೆಯನ್ನು ಮಾಲೀಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಹೊಸ್ತಿಲು ದಾಟಿದ್ದಿಲ್ಲ. ಈ ಸಲದ ಸಂಚಿಕೆ ಹೋದ ವರ್ಷ ತೀರಿಕೊಂಡ, ಬ್ಲೂಸ್ ಎಂಬ ಅಮೆರಿಕದ ಶೋಕಗೀತೆಗಳನ್ನು ನುಡಿಸುತ್ತಿದ್ದ ಗಿಟಾರ್ ವಾದಕರದು. ಅಕ್ಕನ ಪಕ್ಕದ ಮನೆಯಲ್ಲೇ ಹದಿನಾಲ್ಕು ವರ್ಷ ಬಾಡಿಗೆಗಿದ್ದ ಮನುಷ್ಯ. ನಡುವೆ ಇದ್ದದ್ದು ಒಂದೇ ಒಂದು ತೆಳ್ಳನೆಯ ಗೋಡೆ. "ಪ್ರಭಾವಗಳು" ಎಂಬ ಲೇಖನದಲ್ಲಿ ವಿಮರ್ಶಕರು ಹೀಗೆ ಬರೆದಿದ್ದರು: "ಮನೆಯಲ್ಲೇ ಧ್ವನಿಮುದ್ರಿಸಿದ ಕೊನೆಯ ಆಲ್ಬಮ್ಮಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಮೂರು ಬಡಿತಗಳು, ಗಿಟಾರಿನ ಮರದ ಮೈಯನ್ನೇ ಡೋಲು ಮಾಡಿಕೊಂಡಿದ್ದ ಹಳೆಯ ಬ್ಲೂಸ್ ಗುರುಗಳ ಪ್ರಭಾವ. ಅವುಗಳ ಬೆನ್ನಿಗೇ ಬರುವ ಮೂರು ಮೆಲುಸ್ವರಗಳು ಶಿಷ್ಯ ಗುರುವಿಗೆ ಸಲ್ಲಿಸಿದ ನಮಸ್ಕಾರ."

ಗುರುವೂ ಇಲ್ಲ, ಮಣ್ಣೂ ಇಲ್ಲ. ಆ ಬಡಿತ ಅಕ್ಕನ ಲಟ್ಟಣಿಗೆಯದು. ಸಂಜೆ ಮನೆಗೆ ತಂದ ಕರಡು ಹರಡಿಕೊಂಡು ಕೂತರೆ ಸಾಕು, ಆಚೆ ಗಿಟಾರ್ ಶುರುವಾಗುತ್ತಿತ್ತು. ಓದಿದ ಸಾಲನ್ನೇ ನಾಲ್ಕು ಸಲ ಓದಿ ತಲೆ ಚಿಟ್ಟು ಹಿಡಿದಾಗ ಅಕ್ಕ ಅಡುಗೆಮನೆಯಿಂದ ಲಟ್ಟಣಿಗೆ ತಂದು ಗೋಡೆಗೆ ಮೂರು ಏಟು ಹಾಕುತ್ತಿದ್ದಳು. ಆತ ಒಂದು ಕ್ಷಣ ನಿಲ್ಲಿಸಿ, ತಂತಿಯ ಮೇಲೆ ಮೂರು ಸಲ ಟಿಂಯ್ ಅನ್ನಿಸಿ, ಮತ್ತೆ ತನ್ನ ಪಾಡಿಗೆ ಮುಂದುವರಿಸುತ್ತಿದ್ದ. ಬೇಕಂತಲೇ ಅಣಕಿಸುತ್ತಾನೆ ಎಂದು ಮೈ ಉರಿದು ಅಕ್ಕ ಇನ್ನೂ ಜೋರಾಗಿ ಬಡಿದದ್ದುಂಟು. ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಇಬ್ಬರ ನಡುವೆ ಒಂದು ಮಾತಿಲ್ಲ, ಕತೆಯಿಲ್ಲ.

ಮಾಲೀಕರ ಕೋಣೆಯಲ್ಲಿ ವಿಮರ್ಶಕರೂ ಕಾಫಿ ಕುಡಿಯುತ್ತಾ ಕೂತಿದ್ದರು. ಅಕ್ಕ ನೇರವಾಗಿ ಹೋಗಿ ಪುಟವನ್ನು ಮುಂದಿಟ್ಟಳು.

"ಸಾರ್, ಈ ವಾಕ್ಯ ತೆಗೀಬೇಕು. ಇದು ಯಾವ ಗುರುವಿನ ಪ್ರಭಾವಾನೂ ಅಲ್ಲ. ಗೋಡೆ ಬಡಿದಿದ್ದು ನಾನು. ಲಟ್ಟಣಿಗೇಲಿ."

ಮಾಲೀಕರಿಗೆ ಕಾಫಿ ನೆತ್ತಿಗೇರಿತು. ವಿಮರ್ಶಕರು ಮಾತ್ರ ನಗಲಿಲ್ಲ. "ಹತ್ತು ವರ್ಷ ಇವರ ಸಂಗೀತದ ಮೇಲೇ ಕೆಲಸ ಮಾಡಿದೀನಮ್ಮಾ. ಎಲ್ಲಿ, ಬಡೀರಿ ನೋಡೋಣ."

ಅಕ್ಕ ಮೇಜಿನ ಮೇಲಿದ್ದ ರೂಲುದೊಣ್ಣೆ ಎತ್ತಿಕೊಂಡು ಗೋಡೆಗೆ ಮೂರು ಏಟು ಹಾಕಿದಳು. ವಿಮರ್ಶಕರು ಕಣ್ಣು ಮುಚ್ಚಿ ಕೇಳಿ, ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. "ಲಯವೇನೋ ಪರವಾಗಿಲ್ಲ. ಆದರೆ ಅವರ ಬಡಿತದಲ್ಲಿರೋ ನೋವು ಇದರಲ್ಲಿಲ್ಲ. ಬೇಕಾದ್ರೆ ಕೇಳಿ" ಎಂದು ಫೋನಿನಲ್ಲಿ ಆ ಹಾಡು ಹಚ್ಚಿದರು.

ಗೋಡೆಯ ಅಡ್ಡವಿಲ್ಲದೆ ಅಕ್ಕ ಅದನ್ನು ಕೇಳಿದ್ದು ಅದೇ ಮೊದಲು. ಗಿಟಾರು ತನ್ನಷ್ಟಕ್ಕೆ ಏನನ್ನೋ ಹೇಳಿಕೊಳ್ಳುತ್ತಾ ಹೋಗುತ್ತಿತ್ತು. ನಡುವೆ ಬಂತು, ದಡ್ ದಡ್ ದಡ್. ಆ ಕಡೆಯಿಂದ ಕೇಳಿದರೆ ಅದು ಸಿಟ್ಟಿನ ಹಾಗೆಯೇ ಇರಲಿಲ್ಲ. ಯಾರೋ ಒಂಟಿ ಹೆಂಗಸು ಬಾಗಿಲು ತೆಗೆಯಿರಿ ಎಂದು ಬಡಿದ ಹಾಗಿತ್ತು. ಗಿಟಾರು ಥಟ್ಟನೆ ನಿಂತಿತು. ಆಮೇಲೆ ಆ ಮೂರು ಸ್ವರ. ಅಣಕ ಎಲ್ಲಿತ್ತು ಅದರಲ್ಲಿ? ಅಳುವ ಮಗುವಿಗೆ ಆಯ್ತು, ಆಯ್ತು, ಆಯ್ತು ಎನ್ನುವಂತಿತ್ತು. ಇಂಥವನ ಎದುರು ಮುಖ ತಿರುಗಿಸಿಕೊಂಡು ಓಡಾಡಿದೆನಲ್ಲ ಎಂದುಕೊಂಡಳು ಅಕ್ಕ.

"ಈಗ ಹೇಳಿ, ನಿಮ್ಮ ಲಟ್ಟಣಿಗೆಗೆ ಇಷ್ಟೊಂದು ದುಃಖ ಇತ್ತಾ?" ವಿಮರ್ಶಕರು ಕೇಳಿದರು.

"ಇತ್ತೋ ಏನೋ, ನಂಗೂ ಗೊತ್ತಿರಲಿಲ್ಲ. ಬಡಿತ ಯಾರದಾದರೂ ಅನ್ಕೊಳ್ಳಿ ಸಾರ್. ಆ ನಮಸ್ಕಾರ ಮಾತ್ರ ನನಗೆ ಮಾಡಿದ್ದು. ಅದನ್ನಾದರೂ ಸರಿಯಾಗಿ ಬರೀರಿ."

"ಅಕ್ಕಾ," ಮಾಲೀಕರು ಗಡಿಯಾರ ನೋಡಿದರು, "ನಿಮಗೆ ಕೊಟ್ಟಿರೋದು ಅಕ್ಷರ ತಿದ್ದೋ ಕೆಲಸ. ಇತಿಹಾಸ ತಿದ್ದೋದಲ್ಲ."

ವಿಮರ್ಶಕರು ದೊಡ್ಡ ಮನಸ್ಸಿನವರು. ಅಲ್ಲೇ ಕೂತು ಒಂದು ಅಡಿಟಿಪ್ಪಣಿ ಬರೆದುಕೊಟ್ಟರು. ಗಂಟೆಯೊಳಗೆ ಅದರ ಕರಡು ಅಕ್ಕನ ಮೇಜಿಗೇ ಬಂತು. "ಅವರ ಪ್ರಭಾವ ಸಂಗೀತಗಾರರಿಗಷ್ಟೇ ಸೀಮಿತವಲ್ಲ. ಸಂಗೀತದ ಗಂಧಗಾಳಿಯಿಲ್ಲದ ನೆರೆಮನೆಯ ಮಹೀಳೆಯೊಬ್ಬರು ಇಂದಿಗೂ ಆ ಮೂರು ಬಡಿತಗಳನ್ನು ಅನುಕರಿಸಲು ಪ್ರಯತ್ನಿಸುತ್ತಾರೆ." 'ಮಹಿಳೆ'ಯ 'ಹಿ' ದೀರ್ಘವಾಗಿತ್ತು. ಅಕ್ಕ ಅದನ್ನು ಹ್ರಸ್ವ ಮಾಡಿ, ಕೆಳಗೆ ಸಹಿ ಹಾಕಿ ಅಚ್ಚಿಗೆ ಕಳಿಸಿದಳು.

ಸಂಜೆ ಮನೆಗೆ ಬಂದಾಗ ಗೋಡೆಯ ಆಚೆ ಟೀವಿ ಕಿರುಚುತ್ತಿತ್ತು. ಆ ಮನೆಗೆ ಹೊಸ ಬಾಡಿಗೆದಾರ ಬಂದು ಆರು ತಿಂಗಳಾಗಿತ್ತು. ಔಷಧಿ ಕಂಪನಿಯಲ್ಲಿ ಕೆಲಸ, ಸಂಗೀತಕ್ಕೂ ಅವನಿಗೂ ಸಂಬಂಧವಿಲ್ಲ. ಅಕ್ಕನಿಗೆ ಅದು ಗೊತ್ತಿಲ್ಲದೆಯೇನಲ್ಲ. ಆದರೂ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದಳು. ಮೆತ್ತಗೆ ಮೂರು ಸಲ ಬಡಿದಳು.

"ಸಾರಿ ಆಂಟೀ!" ಆಚೆಯಿಂದ ದನಿ ಬಂತು. ಟೀವಿ ಆಫ್ ಆಯಿತು.

ಹದಿನಾಲ್ಕು ವರ್ಷ ಬಡಿದು ಬಡಿದು ಬೇಡಿದ್ದ ನಿಶ್ಶಬ್ದ ಒಂದೇ ಸಲಕ್ಕೆ ಸಿಕ್ಕಿತ್ತು. ಅಕ್ಕ ಲಟ್ಟಣಿಗೆ ಹಿಡಿದುಕೊಂಡು, ಗೋಡೆಗೆ ಕಿವಿ ಹಚ್ಚಿ ನಿಂತೇ ಇದ್ದಳು.